ನಮ್ಮೂರ ಹುಡುಗ ಅಂದರೆ ಯಾರು? ಸೆವೆನ್ಸ್ ಟೂರ್ನಿಗೆ ನಿಯಮ ಬರೆಯಬೇಕು, ಸಲಹೆ ಕೊಡಿ

ಕುಶಾವತಿ (ತೀರ್ಥಹಳ್ಳಿ)

ನಮಸ್ಕಾರ ಎಲ್ಲರಿಗೂ. ದಸರಾ ರಜೆಯಲ್ಲಿ ನಾವು ನಾಲ್ಕೈದು ಜನ ಸೇರಿ ತಾಲ್ಲೂಕು ಮಟ್ಟದ ಸೆವೆನ್ಸ್ (ತಂಡಕ್ಕೆ ಏಳೇ ಜನ) ಫುಟ್ಬಾಲ್ ನಡೆಸುತ್ತೇವೆ. ಈ ಸಲ ನಿಯಮದ ಹಾಳೆ ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಪ್ರವೇಶ ಶುಲ್ಕ, ಆಟದ ಅವಧಿ, ‘ರೆಫರಿ ತೀರ್ಮಾನವೇ ಅಂತಿಮ’, ಎಲ್ಲ ಬರೆದಾಯಿತು. ಒಂದೇ ಸಾಲು ಬಾಕಿ. ‘ಸ್ಥಳೀಯ ಆಟಗಾರ ಎಂದರೆ’ ಅಂತ ಬರೆದು ಪೆನ್ನು ಹಿಡಿದು ಕೂತಿದ್ದೇನೆ. ಮೂರು ದಿನ ಆಯಿತು.

ಎರಡು ವರ್ಷದ ಹಿಂದೆ ಯಾವ ನಿಯಮವೂ ಇರಲಿಲ್ಲ. ಫೈನಲ್ ದಿನ ಬೆಳಿಗ್ಗೆ ಒಂದು ತಂಡಕ್ಕೆ ಇನ್ನೋವಾದಲ್ಲಿ ಐದು ಜನ ಬಂದಿಳಿದರು. ಬಾಡಿಗೆ ಪ್ಲೇಯರ್‌ಗಳು. ಮಳೆಗಾಲ ಪೂರ್ತಿ ಕೆಸರಲ್ಲಿ ಬಿದ್ದೆದ್ದು ಪ್ರಾಕ್ಟೀಸ್ ಮಾಡಿದ್ದ ಊರ ಹುಡುಗರು ನೀರಿನ ಬಾಟಲಿ ಹಿಡಿದುಕೊಂಡು ಗೆರೆಯಾಚೆ ಕೂತರು. 6–0. ಬಹುಮಾನದ ದುಡ್ಡು ಎಣಿಸಿಕೊಂಡು ಇನ್ನೋವಾ ಹೊರಟುಹೋಯಿತು. ಕಪ್ ಹಿಡಿದ ಫೋಟೋದಲ್ಲಿ ಗೋಲ್ ಹೊಡೆದವರು ಒಬ್ಬರೂ ಇಲ್ಲ.

ಅದಕ್ಕೇ ಕಳೆದ ವರ್ಷ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದೆವು: ಆಧಾರ್ ಕಾರ್ಡ್ ಕಡ್ಡಾಯ, ತಾಲ್ಲೂಕಿನ ವಿಳಾಸ ಇರಬೇಕು. ಹೆಸರು ಬರೆಸುವ ಟೇಬಲ್ಲಿನಲ್ಲಿ ಕೂತವನು ನಾನೇ. ಒಬ್ಬ ಹುಡುಗ ಬಂದ. ಹದಿನೇಳು ವರ್ಷ. ಅವನಪ್ಪ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರು. ಹುಡುಗ ಎಂಟು ವರ್ಷಕ್ಕೆ ಇಲ್ಲಿಗೆ ಬಂದ. ಓದಿದ್ದು ನಮ್ಮ ಸರ್ಕಾರಿ ಶಾಲೆ, ಚೆಂಡು ಒದೆಯಲು ಕಲಿತದ್ದು ನಮ್ಮದೇ ಮೈದಾನ. ‘ಎಂತ ಮಾರಾಯ್ರೆ’ ಅಂತ ನನಗಿಂತ ಚೆನ್ನಾಗಿ ಎಳೆದು ಹೇಳುತ್ತಾನೆ. ಆಧಾರ್‌ನಲ್ಲಿ ಮಾತ್ರ ಅಸ್ಸಾಮಿನ ವಿಳಾಸ. ನಿಯಮ ನಿಯಮವೇ ಅಂತ ವಾಪಸ್ ಕಳಿಸಿದೆ. ಅವನು ಏನೂ ಹೇಳಲಿಲ್ಲ, ಶೂ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಹೋದ.

ಅದೇ ದಿನ ಬೆಂಗಳೂರಲ್ಲೇ ಹುಟ್ಟಿ ಬೆಳೆದ ಮೂರು ಜನ ಆಡಿದರು. ಅವರ ಕಾರ್ಡಿನಲ್ಲಿ ಅಜ್ಜನ ಮನೆಯ ವಿಳಾಸ ಇತ್ತು.

ದೊಡ್ಡ ಲೀಗ್‌ಗಳಲ್ಲಿ ಹೋಮ್‌ಗ್ರೋನ್, ಅಂದರೆ ಅಲ್ಲೇ ಬೆಳೆದ ಆಟಗಾರ ಅಂತಾರಲ್ಲ, ಅದು ಹೇಗೆ ನಡೆಯುತ್ತದೆ? ಗೊತ್ತಿದ್ದವರು ಹೇಳಿ.

ಗೋಪಿಸರ್ಕಲ್ (ಶಿವಮೊಗ್ಗ)

ಮೊದಲು ರೆಫರಿಗೆ ಹೊಸ ಪೀಪಿ ಕೊಡಿಸಿ. ಕಳೆದ ಸಲ ಮಳೆನೀರು ಹೋಗಿ ಅದು ಕೂಗಲೇ ಇಲ್ಲ.

ಕರಿಕೋಟು (ಸಾಗರ)

ಇದು ನನಗೆ ಇಷ್ಟದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಯುರೋಪಿನ ಫುಟ್ಬಾಲ್ ಸಂಸ್ಥೆ ಯೂಫಾದ ನಿಯಮದಲ್ಲಿ ‘ಹುಟ್ಟಿದ ಊರು’ ಅನ್ನೋ ಮಾತೇ ಇಲ್ಲ. ‘ಪಾಸ್‌ಪೋರ್ಟ್’ ಕೂಡ ಇಲ್ಲ. ಕೇಳುವುದು ಒಂದೇ: 15ರಿಂದ 21 ವರ್ಷದ ನಡುವೆ ಮೂರು ಪೂರ್ತಿ ಸೀಸನ್, ಇಲ್ಲವೇ 36 ತಿಂಗಳು, ಈ ಆಟಗಾರ ಎಲ್ಲಿ ನೋಂದಣಿ ಆಗಿದ್ದ? ಅದೇ ಕ್ಲಬ್ಬಿನಲ್ಲಿ ಆಗಿದ್ದರೆ ಕ್ಲಬ್ ಬೆಳೆಸಿದವನು. ಅದೇ ದೇಶದ ಬೇರೆ ಕ್ಲಬ್ಬಿನಲ್ಲಿ ಆಗಿದ್ದರೆ ದೇಶ ಬೆಳೆಸಿದವನು. ಯೂಫಾ ನಡೆಸುವ ಚಾಂಪಿಯನ್ಸ್ ಲೀಗ್‌ಗೆ ಕೊಡುವ 25 ಜನರ ಪಟ್ಟಿಯಲ್ಲಿ 8 ಜನ ಹೀಗೆ ಬೆಳೆದವರು ಇರಬೇಕು, ಅದರಲ್ಲಿ ಕನಿಷ್ಠ 4 ಜನ ಸ್ವಂತ ಕ್ಲಬ್ಬಿನವರೇ. ಸಿಗಲಿಲ್ಲ ಅಂದರೆ ದಂಡ ಇಲ್ಲ, ಆದರೆ ಆ ಜಾಗ ಖಾಲಿ ಬಿಡಬೇಕು. ಆರೇ ಜನ ಸಿಕ್ಕರೆ ಪಟ್ಟಿ 23ಕ್ಕೆ ಇಳಿಯುತ್ತದೆ. 2006ರಲ್ಲಿ 4 ಜನರಿಂದ ಶುರು ಮಾಡಿ, ಆಮೇಲೆ 6 ಮಾಡಿ, 2008-09ಕ್ಕೆ 8ಕ್ಕೆ ತಂದರು. ಒಂದೇ ಸಲಕ್ಕೆ ಹೇರಲಿಲ್ಲ.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2010-11ರಲ್ಲಿ ತನ್ನದೇ ನಿಯಮ ತಂದಿತು. ಅಲ್ಲಿ 21 ವರ್ಷದೊಳಗೆ ಮೂರು ವರ್ಷ ಇಂಗ್ಲೆಂಡ್ ಅಥವಾ ವೇಲ್ಸ್‌ನ ಕ್ಲಬ್ಬಿನಲ್ಲಿ ಇದ್ದರಾಯಿತು. 25 ಜನರ ಪಟ್ಟಿಯಲ್ಲಿ ಹೊರಗೆ ಬೆಳೆದವರು 17ಕ್ಕಿಂತ ಜಾಸ್ತಿ ಇರಬಾರದು. 21ರೊಳಗಿನವರಿಗೆ ಲೆಕ್ಕವೇ ಇಲ್ಲ, ಎಷ್ಟು ಬೇಕಾದರೂ ಆಡಿಸಬಹುದು.

ಈಗ ನಿಮ್ಮ ಟೇಬಲ್ಲಿಗೆ ಬನ್ನಿ. ಯೂಫಾ ಲೆಕ್ಕದಲ್ಲಿ ನೋಡಿದರೆ ಆ ಅಸ್ಸಾಮಿನ ಹುಡುಗ ನಿಮ್ಮೂರಿನವನು. ಅಜ್ಜನ ವಿಳಾಸದವರು ಹೊರಗಿನವರು. ನೀವು ಮಾಡಿದ್ದು ಸರಿಯಾಗಿ ಉಲ್ಟಾ.

ಕುಶಾವತಿ (ತೀರ್ಥಹಳ್ಳಿ)

ಮೇಡಂ, ಇಷ್ಟು ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್. ನೋವಾಯಿತು, ಆದರೂ ಥ್ಯಾಂಕ್ಸ್.

ಚಾಲಿಅಡಿಕೆ (ಸಾಗರ)

ನಿಯಮ ಕೇಳಲು ಚೆಂದ. ಆದರೆ ದುಡ್ಡಿದ್ದವರು ಅದರೊಳಗೂ ದಾರಿ ಮಾಡುತ್ತಾರೆ. ಸೆಸ್ಕ್ ಫ್ಯಾಬ್ರೆಗಾಸ್ ನೋಡಿ. ಬಾರ್ಸಿಲೋನಾದಲ್ಲಿ ಕಲಿತ ಹುಡುಗ. 2003ರಲ್ಲಿ, 16 ವರ್ಷಕ್ಕೆ, ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ ಕರೆದುಕೊಂಡು ಹೋಯಿತು. 2014ರಲ್ಲಿ ಚೆಲ್ಸಿಗೆ ಬಂದಾಗ ಆ ಸ್ಪೇನ್ ಆಟಗಾರ ಇಂಗ್ಲೆಂಡಿನ ‘ಮನೆ ಹುಡುಗ’! ಪೋಗ್ಬಾ ಕೂಡ ಹಾಗೇ. ಫ್ರಾನ್ಸಿನಿಂದ 16ಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದ, 2012ರಲ್ಲಿ ಇಟಲಿಗೆ ಹೋದ, 2016ರಲ್ಲಿ ಸುಮಾರು 9 ಕೋಟಿ ಪೌಂಡ್ ಕೊಟ್ಟು ವಾಪಸ್ ತಂದರು. ಹೊರಗಿನಿಂದ ಕೊಂಡು ತಂದ ಹೋಮ್‌ಗ್ರೋನ್. ನಮ್ಮಲ್ಲೂ ನಾಳೆ ಯಾರಾದರೂ 12 ವರ್ಷದ ಹುಡುಗನನ್ನು ತಂದು ಹಾಸ್ಟೆಲ್‌ನಲ್ಲಿ ಇಟ್ಟರೆ?

ಪಿಟಿಮೇಷ್ಟ್ರು (ಹೊಸನಗರ)

ತಂದು ಇಡಲಿ ಸ್ವಾಮಿ! ಮೂರು ವರ್ಷ ಊಟ ಹಾಕಿ, ಶೂ ಕೊಡಿಸಿ, ಆಟ ಕಲಿಸಿದರೆ ಅವನು ನಿಮ್ಮವನೇ. ನಮಗೆ ತೊಂದರೆ ಬೆಳಿಗ್ಗೆ ಬಂದು ಸಂಜೆ ಹೋಗುವವರದ್ದು. ಅದೆರಡೂ ಒಂದೇನಾ?

ಕರಿಕೋಟು (ಸಾಗರ)

ಚಾಲಿ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಫ್ಯಾಬ್ರೆಗಾಸ್ ದಾರಿ ಈಗ ಮುಚ್ಚಿದೆ. 18 ತುಂಬದವರನ್ನು ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಸುವುದನ್ನು ಫಿಫಾ ತಡೆದಿದೆ. ಯುರೋಪ್ ಒಕ್ಕೂಟದ ಒಳಗೆ ಮಾತ್ರ 16ಕ್ಕೆ ರಿಯಾಯಿತಿ. ಬ್ರಿಟನ್ ಒಕ್ಕೂಟ ಬಿಟ್ಟ ಮೇಲೆ, 2021ರಿಂದ, ಇಂಗ್ಲಿಷ್ ಕ್ಲಬ್‌ಗಳಿಗೆ ಅದೂ ಇಲ್ಲ.

ಇನ್ನೊಂದು ಮಜಾ. ಫ್ಯಾಬ್ರೆಗಾಸ್ 2011ರಲ್ಲಿ ಬಾರ್ಸಿಲೋನಾಗೆ ವಾಪಸ್ ಹೋದ. ಚಿಕ್ಕಂದಿನಲ್ಲಿ ಕಲಿತದ್ದೆಲ್ಲ ಅಲ್ಲೇ, ಆದರೂ ಯೂಫಾ ಲೆಕ್ಕದಲ್ಲಿ ಅವನು ಬಾರ್ಸಿಲೋನಾ ಬೆಳೆಸಿದವನಲ್ಲ! ಲೆಕ್ಕ ಶುರುವಾಗುವುದೇ 15ರಿಂದ. ಹತ್ತು ವರ್ಷದವನಿಗೆ ಎಡಗಾಲು ಕಲಿಸಿದ ಮೇಷ್ಟ್ರು ಆ ನಿಯಮದಲ್ಲಿ ಎಲ್ಲೂ ಬರುವುದಿಲ್ಲ. ನೀವು ಬರೆಯುವಾಗ ವಯಸ್ಸನ್ನು ಇನ್ನೂ ಕೆಳಗೆ ಇಳಿಸಿ.

ಹಳೇಗೋಲ್‌ಕೀಪರ್ (ಭದ್ರಾವತಿ)

ಮಕ್ಕಳೇ, ನನಗೆ ಟೈಪ್ ಮಾಡುವುದು ನಿಧಾನ. ಮೊಮ್ಮಗಳು ಬರೆದುಕೊಡುತ್ತಿದ್ದಾಳೆ.

ನಾನು ನ್ಯೂಟೌನ್‌ನಲ್ಲಿ ಬೆಳೆದವನು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ. ನಮ್ಮ ಲೈನಿನಲ್ಲಿ ತಮಿಳರು, ಮಲಯಾಳಿಗಳು, ತೆಲುಗಿನವರು, ಉತ್ತರ ಕರ್ನಾಟಕದವರು. ಸೈರನ್ ಆಗಿ ಶಿಫ್ಟ್ ಬಿಟ್ಟ ಮೇಲೆ ಮೈದಾನಕ್ಕೆ ಬರುತ್ತಿದ್ದರು. ನಿಮ್ಮೂರು ಯಾವುದು ಅಂತ ಕೇಳಿದರೆ ಪ್ರತಿಯೊಬ್ಬರೂ ಬೇರೆ ಹೆಸರು ಹೇಳುತ್ತಿದ್ದರು. ತಂಡ ಮಾತ್ರ ಭದ್ರಾವತಿ ತಂಡ. ಆಧಾರ್ ಇದ್ದಿದ್ದರೆ, ಅದರಲ್ಲಿ ಊರ ವಿಳಾಸ ಇದ್ದಿದ್ದರೆ, ಹನ್ನೊಂದು ಜನ ಸೇರುತ್ತಲೇ ಇರಲಿಲ್ಲ.

ಹುಟ್ಟು ನೋಡಿ ಲೆಕ್ಕ ಹಾಕಿದರೆ ಏನಾಗುತ್ತದೆ ಅಂತ ಯುರೋಪಿನವರೂ ಕಂಡಿದ್ದಾರೆ. 1994ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಬಾರ್ಸಿಲೋನಾಗೆ ಹೋಯಿತು. ಆಗ ಒಂದು ತಂಡಕ್ಕೆ ಮೂರು ವಿದೇಶಿಯರು, ಜೊತೆಗೆ ಅಲ್ಲೇ ಹಲವು ವರ್ಷ ಆಡಿದ ಇಬ್ಬರು, ಅಷ್ಟೇ. ಇಂಗ್ಲೆಂಡಿನ ಕ್ಲಬ್ಬಿಗೆ ಸ್ಕಾಟ್ಲೆಂಡಿನವನೂ ವಿದೇಶಿ, ಐರ್ಲೆಂಡಿನವನೂ ವಿದೇಶಿ! ಲೆಕ್ಕ ಸರಿಮಾಡಲು ಪೀಟರ್ ಷ್ಮೈಕೆಲ್‌ನನ್ನು ಹೊರಗೆ ಕೂರಿಸಿದರು. ಡೆನ್ಮಾರ್ಕಿನವನು ಅನ್ನುವುದಕ್ಕೆ. ಆ ಕಾಲದ ದೊಡ್ಡ ಗೋಲ್‌ಕೀಪರ್ ಸ್ವಾಮಿ ಅವನು. 4–0 ಸೋತರು. ಗೋಲ್‌ಕೀಪರ್ ಆಗಿದ್ದವನಿಗೆ ಅದು ಮರೆಯುವಂಥದ್ದಲ್ಲ.

ಮುಂದಿನ ವರ್ಷವೇ, 1995ರ ಡಿಸೆಂಬರ್ 15ಕ್ಕೆ, ಬೋಸ್ಮನ್ ತೀರ್ಪು ಬಂತು. ಬೆಲ್ಜಿಯಂನ ಒಬ್ಬ ಮಾಮೂಲಿ ಆಟಗಾರ. ಕಾಂಟ್ರಾಕ್ಟ್ ಮುಗಿದರೂ ಕ್ಲಬ್ ಬಿಡಲಿಲ್ಲ ಅಂತ ಕೋರ್ಟಿಗೆ ಹೋದ. ಯುರೋಪ್ ಒಕ್ಕೂಟದ ಆಟಗಾರರನ್ನು ದೇಶ ನೋಡಿ ತಡೆಯುವ ಹಾಗಿಲ್ಲ ಅಂತ ಕೋರ್ಟ್ ಹೇಳಿತು. ಆಮೇಲೆ ಕ್ಲಬ್‌ಗಳು ಎಲ್ಲಿಂದ ಬೇಕಾದರೂ ಕೊಳ್ಳಲು ಶುರು ಮಾಡಿದವು, ಊರ ಹುಡುಗರು ಬೆಂಚಿಗೆ ಹೋದರು. ಅದಕ್ಕೆ ಮದ್ದು ಅಂತ ಬಂದದ್ದೇ ಈ ಹೋಮ್‌ಗ್ರೋನ್. ನಿಮ್ಮ ಮೈದಾನದಲ್ಲಿ ಎರಡು ವರ್ಷದಲ್ಲಿ ಆದದ್ದು ಅಲ್ಲಿ ಹತ್ತು ಹನ್ನೆರಡು ವರ್ಷದಲ್ಲಿ ಆಯಿತು, ಅಷ್ಟೇ ವ್ಯತ್ಯಾಸ.

ಗೋಪಿಸರ್ಕಲ್ (ಶಿವಮೊಗ್ಗ)

ಅಜ್ಜಾರೆ, ಮೊಮ್ಮಗಳಿಗೆ ಒಂದು ಮಸಾಲೆ ದೋಸೆ ಕೊಡಿಸಿ. ಒಂದು ಅಕ್ಷರ ತಪ್ಪಿಲ್ಲ.

ಮಲ್ಲೇಶ್ವರದಮಲೆನಾಡಿಗ (ಬೆಂಗಳೂರು)

ನನ್ನ ಕಷ್ಟ ಕೇಳಿ. ನಾನು ತೀರ್ಥಹಳ್ಳಿಯಲ್ಲಿ ಹುಟ್ಟಿ, ಪಿಯುಸಿ ಮುಗಿಯುವವರೆಗೂ ಅಲ್ಲೇ ಆಡಿದವನು. ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದೆ. ಮನೆ ಬಾಡಿಗೆ ಅಗ್ರಿಮೆಂಟಿಗೆ, ಗ್ಯಾಸಿಗೆ ಅಂತ ಆಧಾರ್ ವಿಳಾಸ ಬದಲಿಸಿದೆ. ಕಳೆದ ವರ್ಷ ರಜೆ ಹಾಕಿ ಶೂ ತಗೊಂಡು ಊರಿಗೆ ಬಂದರೆ ‘ನೀನು ಬೆಂಗಳೂರಿನವನು’ ಅಂದರು. ನನ್ನ ಚಿಕ್ಕಪ್ಪನ ಮಗ ಬೆಂಗಳೂರಲ್ಲೇ ಬೆಳೆದವನು, ಅವನ ಕಾರ್ಡ್ ಬದಲಾಗಿರಲಿಲ್ಲ, ಅವನು ಆಡಿದ. ನಾನು ಅವನ ಚಪ್ಪಲಿ ಕಾಯುತ್ತಾ ಕೂತಿದ್ದೆ.

ಕುಶಾವತಿ, ಟೇಬಲ್ಲಿನಲ್ಲಿ ನನ್ನನ್ನೂ ಕಳಿಸಿದವನು ನೀನೇ ಅಲ್ವಾ?

ಕುಶಾವತಿ (ತೀರ್ಥಹಳ್ಳಿ)

ಹೌದು ಮಾರಾಯ. ಗುರುತು ಸಿಕ್ಕಿತ್ತು. ಗುರುತು ಸಿಗದವನ ಹಾಗೆ ಮಾಡಿದೆ.

ಕರಿಕೋಟು (ಸಾಗರ)

ಕಲಿತ ಜಾಗ ನೋಡುವ ನಿಯಮ ಬಂದರೆ ಮಲ್ಲೇಶ್ವರದವರು ಜೀವನಪೂರ್ತಿ ತೀರ್ಥಹಳ್ಳಿ ಆಟಗಾರ. ವಿಳಾಸ ನೂರು ಸಲ ಬದಲಾದರೂ ಅಷ್ಟೇ. ಚಿಕ್ಕಪ್ಪನ ಮಗ ಹೊರಗಿನವರು. ಆ ಚಿಕ್ಕಪ್ಪನ ಮಗನ ಹಾಗೇ ಎರಿಕ್ ಡೈಯರ್ ಅಂತ ಒಬ್ಬ ಆಟಗಾರ. ಇಂಗ್ಲೆಂಡಿನಲ್ಲೇ ಹುಟ್ಟಿದವನು, 2018ರ ವಿಶ್ವಕಪ್‌ನಲ್ಲಿ ಕೊಲಂಬಿಯಾ ಮೇಲೆ ಗೆಲುವಿನ ಪೆನಾಲ್ಟಿ ಹೊಡೆದವನು. ಆದರೆ ಚಿಕ್ಕವನಿದ್ದಾಗಲೇ ಪೋರ್ಚುಗಲ್‌ಗೆ ಹೋಗಿ ಲಿಸ್ಬನ್‌ನ ಸ್ಪೋರ್ಟಿಂಗ್‌ನಲ್ಲಿ ಆಟ ಕಲಿತ. ಟಾಟನ್‌ಹ್ಯಾಮ್‌ಗೆ ಬಂದಾಗ ಇಂಗ್ಲೆಂಡಿನ ಈ ಆಟಗಾರ ಇಂಗ್ಲಿಷ್ ಲೀಗಿನ ಪಟ್ಟಿಯಲ್ಲಿ ಹೋಮ್‌ಗ್ರೋನ್ ಅಲ್ಲ.

ಚಾಲಿಅಡಿಕೆ (ಸಾಗರ)

ಈಗ ನನಗೆ ಅರ್ಥ ಆಯಿತು ನೋಡಿ. ನನ್ನ ಭಾಷೆಯಲ್ಲಿ ಹೇಳುತ್ತೇನೆ.

ನಮ್ಮ ತೋಟದಲ್ಲಿ ಮಂಗಳ ಅನ್ನುವ ಅಡಿಕೆ ತಳಿ ಇದೆ. 1972ರಲ್ಲಿ ವಿಟ್ಲದ ಸಂಶೋಧನಾ ಕೇಂದ್ರದಿಂದ ಬಂದ ತಳಿ. ಮೂಲ ಎಲ್ಲಿಯದು ಗೊತ್ತಾ? ಚೀನಾ. ಸುಮಂಗಳ ಇಂಡೋನೇಷ್ಯಾದಿಂದ, ಶ್ರೀಮಂಗಳ ಸಿಂಗಾಪುರದಿಂದ ತಂದದ್ದು. ಆದರೂ ಮಂಡಿಯಲ್ಲಿ ಯಾರೂ ನನ್ನ ಅಡಿಕೆಗೆ ಚೀನಾ ಅಡಿಕೆ ಅನ್ನುವುದಿಲ್ಲ. ನಮ್ಮ ಮಣ್ಣು, ನಮ್ಮ ಮಳೆ, ನಮ್ಮ ಸೊಪ್ಪು ಗೊಬ್ಬರ ತಿಂದಿದೆ, ಅದು ಸಾಗರದ ಅಡಿಕೆ. ಬೇರೆ ದೇಶದಲ್ಲಿ ಬೆಳೆದು ಲಾರಿಯಲ್ಲಿ ಬಂದು ನಮ್ಮ ಚೀಲಕ್ಕೆ ಬೆರಕೆ ಆಗುತ್ತದಲ್ಲ, ಅದರ ಮೇಲೆ ನಮ್ಮ ಸಿಟ್ಟು. ಅಸ್ಸಾಮಿನ ಹುಡುಗ ಮಂಗಳ ತಳಿ. ಇನ್ನೋವಾ ತಂಡ ಬೆರಕೆ ಮಾಲು.

ಹಳೇಗೋಲ್‌ಕೀಪರ್ (ಭದ್ರಾವತಿ)

ಚೆನ್ನಾಗಿ ಹೇಳಿದಿರಿ. ಆದರೆ ಬೆರಕೆ ಅಂತ ಪೂರ್ತಿ ಬೈಯಬೇಡಿ. ನಾನು ಹತ್ತೊಂಬತ್ತು ವರ್ಷದವನಿದ್ದಾಗ ಒಂದು ಟೂರ್ನಿಗೆ ಬೆಂಗಳೂರಿನಿಂದ ಗೆಸ್ಟ್ ಆಗಿ ಒಬ್ಬ ಗೋಲ್‌ಕೀಪರ್ ಬಂದಿದ್ದ. ನಾನು ಅವನ ಬೆಂಚು. ಸಿಟ್ಟು ಬಂದಿತ್ತು. ಆಟ ಮುಗಿದ ಮೇಲೆ ಅವನು ನನ್ನನ್ನು ಕರೆದು, ಕ್ರಾಸ್ ಬರುವಾಗ ಮೊದಲು ಚೆಂಡು ನೋಡಬೇಡ, ಯಾರು ಓಡುತ್ತಾರೆ ನೋಡು ಅಂತ ಅರ್ಧ ಗಂಟೆ ಹೇಳಿಕೊಟ್ಟ. ಇಡೀ ಜೀವನ ಅದರ ಮೇಲೇ ಆಡಿದೆ. ಬಾಗಿಲು ಪೂರ್ತಿ ಹಾಕಬೇಡಿ. ಇಬ್ಬರಿಗೆ ಜಾಗ ಇರಲಿ.

ಕುಶಾವತಿ (ತೀರ್ಥಹಳ್ಳಿ)

ಹಾಗಾದರೆ ಲೆಕ್ಕ ಹೀಗೆ ಇಡೋಣವಾ? ಒಂದು ತಂಡಕ್ಕೆ 12 ಜನರ ಪಟ್ಟಿ. ಅದರಲ್ಲಿ 8 ಜನ ನಮ್ಮ ಮೈದಾನಗಳಲ್ಲಿ ಕಲಿತವರು.

ಪಿಟಿಮೇಷ್ಟ್ರು (ಹೊಸನಗರ)

ಪಟ್ಟಿಯಲ್ಲಿ ಇಟ್ಟರೆ ಏನೂ ಪ್ರಯೋಜನ ಇಲ್ಲ. 8 ಜನರ ಹೆಸರು ಬರೆದು, ಏಳರಲ್ಲಿ ನಾಲ್ಕು ಜನ ಇನ್ನೋವಾದವರನ್ನೇ ಇಳಿಸುತ್ತಾರೆ. ನಿಮ್ಮ ಹುಡುಗರು ಮತ್ತೆ ನೀರಿನ ಬಾಟಲಿ. ಯುರೋಪಿನಲ್ಲಿ ಆಗಿರುವುದೂ ಅದೇ. ಮ್ಯಾಂಚೆಸ್ಟರ್ ಸಿಟಿ ಸ್ಕಾಟ್ ಕಾರ್ಸನ್ ಅನ್ನುವ ಗೋಲ್‌ಕೀಪರನ್ನು 2019ರಿಂದ ಹಲವು ವರ್ಷ ಇಟ್ಟುಕೊಂಡಿತ್ತು. ಮೂರನೇ ಗೋಲ್‌ಕೀಪರ್. ಆಡಿದ್ದು ಬೆರಳೆಣಿಕೆ. ಒಳ್ಳೆಯ ಮನುಷ್ಯ, ಡ್ರೆಸಿಂಗ್ ರೂಮಿಗೆ ಬೇಕಾದವನು, ಎಲ್ಲ ಸರಿ. ಆದರೆ ಪಟ್ಟಿಯಲ್ಲಿ ಒಂದು ಹೋಮ್‌ಗ್ರೋನ್ ಜಾಗವೂ ತುಂಬಿತು.

ಲೆಕ್ಕ ಮೈದಾನದಲ್ಲಿ ಇರಬೇಕು. ಯಾವ ಹೊತ್ತಿಗೂ ಏಳರಲ್ಲಿ ಐದು. ನಮ್ಮ ಐಎಸ್ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) 2021-22ರಿಂದ ಹಾಗೇ ಮಾಡಿದರು. ಅಲ್ಲಿಯವರೆಗೆ ಐದು ವಿದೇಶಿಯರು ಒಟ್ಟಿಗೆ ಇಳಿಯಬಹುದಿತ್ತು, ಆಮೇಲೆ ನಾಲ್ಕು. ಹನ್ನೊಂದರಲ್ಲಿ ಏಳು ಜನ ಭಾರತದವರು ಬೂಟು ಕಟ್ಟಲೇಬೇಕು.

ಕರಿಕೋಟು (ಸಾಗರ)

ಮೇಷ್ಟ್ರ ಮಾತು ಸರಿ. ಫಿಫಾ ಕೂಡ ಹಾಗೇ ಯೋಚಿಸಿತ್ತು. 2008ರಲ್ಲಿ ಸಿಡ್ನಿಯ ಸಭೆಯಲ್ಲಿ ‘6+5’ ಅಂತ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ಶುರುವಿನ ಹನ್ನೊಂದರಲ್ಲಿ ಆರು ಜನ ಆ ದೇಶಕ್ಕೆ ಆಡಲು ಅರ್ಹರು ಇರಬೇಕು. ಯುರೋಪಿನ ಕಾನೂನಿಗೆ ಅಡ್ಡ ಬರುತ್ತದೆ ಅಂತ 2010ರಲ್ಲಿ ಕೈಬಿಟ್ಟರು. ಅಲ್ಲಿ ತೊಡಕಾದದ್ದು ಮೈದಾನದ ಲೆಕ್ಕ ಅಲ್ಲ, ಪಾಸ್‌ಪೋರ್ಟಿನ ಲೆಕ್ಕ.

ಇನ್ನು ಹೋಮ್‌ಗ್ರೋನ್ ನಿಯಮವೂ ಕೋರ್ಟಿನಿಂದ ಪೂರ್ತಿ ಪಾರಾಗಿಲ್ಲ. 2023ರ ಡಿಸೆಂಬರ್ 21ರಂದು ಯುರೋಪಿನ ಕೋರ್ಟ್ ಬೆಲ್ಜಿಯಂನ ರಾಯಲ್ ಆಂಟ್‌ವರ್ಪ್ ಕ್ಲಬ್ಬಿನ ಕೇಸಿನಲ್ಲಿ ಒಂದು ಮಾತು ಹೇಳಿತು. ಕಲಿತ ಜಾಗ ಅಂತ ಬರೆದರೂ, ಚಿಕ್ಕಂದಿನಲ್ಲಿ ಒಂದು ದೇಶದಲ್ಲಿ ಕಲಿಯುವವರು ಹೆಚ್ಚಾಗಿ ಆ ದೇಶದವರೇ. ಹಾಗಾಗಿ ಸುತ್ತಿ ಬಳಸಿ ಇದೂ ರಾಷ್ಟ್ರೀಯತೆಯ ಭೇದ ಆಗಬಹುದು. ತರಬೇತಿಗೆ ನಿಜಕ್ಕೂ ಉಪಯೋಗ ಆಗುತ್ತಿದೆ ಅಂತ ತೋರಿಸಿದರೆ ಮಾತ್ರ ಉಳಿಯಬಹುದು, ಅದನ್ನು ಬೆಲ್ಜಿಯಂನ ಕೋರ್ಟ್ ನೋಡಲಿ ಅಂತ ಕಳಿಸಿತು. ಅದೇ ದಿನ ಯುರೋಪಿನ ದೊಡ್ಡ ಕ್ಲಬ್‌ಗಳು ತಾವೇ ಕಟ್ಟಲು ಹೊರಟಿದ್ದ ಸೂಪರ್ ಲೀಗ್ ಬಗ್ಗೆ ತೀರ್ಪು ಬಂದದ್ದರಿಂದ ಪೇಪರಿನವರು ಇದನ್ನು ಮರೆತೇಬಿಟ್ಟರು. ನನ್ನಂಥವರಿಗೆ ಇದೇ ದೊಡ್ಡ ಸುದ್ದಿ.

ತೀರ್ಥಹಳ್ಳಿ ಟೂರ್ನಿ ಮೇಲೆ ಯಾರೂ ಕೇಸ್ ಹಾಕುವುದಿಲ್ಲ ಬಿಡಿ.

ಚಾಲಿಅಡಿಕೆ (ಸಾಗರ)

ಮೇಡಂ, ನಮ್ಮೂರಲ್ಲಿ ಬೇಲಿ ಎರಡಡಿ ಆಚೆ ಹೋದದ್ದಕ್ಕೆ ಮೂರು ತಲೆಮಾರಿನ ಕೇಸ್ ಇದೆ. ಹಾಗೆಲ್ಲ ಧೈರ್ಯ ಹೇಳಬೇಡಿ.

ಮೇಗರವಳ್ಳಿ (ತೀರ್ಥಹಳ್ಳಿ ತಾಲ್ಲೂಕು)

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಒಂದು ಪ್ರಶ್ನೆ. ಹುಡುಗಿಯರ ತಂಡ ಈ ವರ್ಷ ಮಾಡುತ್ತೀರೋ ಇಲ್ಲವೋ? ಮಾಡಿದರೆ ಈ ‘ಮೂರು ವರ್ಷ’ ನಮಗೆ ಹೇಗೆ? ನಮ್ಮಲ್ಲಿ ಹುಡುಗಿಯರಿಗೆ ಮೈದಾನ ಸಿಕ್ಕಿದ್ದೇ ಹೋದ ವರ್ಷ. ಐದು ಗಂಟೆಯ ಬಸ್ ತಪ್ಪಿದರೆ ಮನೆಗೆ ಹೋಗಲು ದಾರಿ ಇಲ್ಲ, ಹಾಗಾಗಿ ವಾರಕ್ಕೆ ಎರಡೇ ದಿನ ಆಟ. ಮೂರು ವರ್ಷ ಕೇಳಿದರೆ ಇಡೀ ತಾಲ್ಲೂಕಿನಲ್ಲಿ ಒಬ್ಬಳೂ ‘ನಮ್ಮೂರ ಹುಡುಗಿ’ ಸಿಗುವುದಿಲ್ಲ.

ಕುಶಾವತಿ (ತೀರ್ಥಹಳ್ಳಿ)

ಅಕ್ಕ, ಇದು ನನಗೆ ಹೊಳೆದೇ ಇರಲಿಲ್ಲ. ಈ ವರ್ಷ ಹುಡುಗಿಯರಿಗೆ ಆರು ತಿಂಗಳು, ಮುಂದಿನ ಸಲ ಒಂದು ವರ್ಷ, ಅದರ ಮುಂದಿನ ಸಲ ಎರಡು ವರ್ಷ. ಯೂಫಾ ಕೂಡ 4, 6, 8 ಅಂತ ಏರಿಸಿತು ಅಂತ ಮೇಡಂ ಹೇಳಿದರಲ್ಲ. ಕೊನೆಯ ಆಟವನ್ನು ನಾಲ್ಕಕ್ಕೆ ಮುಗಿಸುತ್ತೇವೆ, ಬಸ್ಸಿಗೆ ತೊಂದರೆ ಆಗದ ಹಾಗೆ.

ಮೇಗರವಳ್ಳಿ (ತೀರ್ಥಹಳ್ಳಿ ತಾಲ್ಲೂಕು)

ನಾಲ್ಕು ಅಂದರೆ ನಾಲ್ಕೇ. ಭಾಷಣ ಆಮೇಲೆ ಇಟ್ಟುಕೊಳ್ಳಿ.

ಮಲ್ಲೇಶ್ವರದಮಲೆನಾಡಿಗ (ಬೆಂಗಳೂರು)

ಒಂದು ಅನುಮಾನ. ಅಸ್ಸಾಮಿನ ಹುಡುಗ ನಮ್ಮವನು, ಸರಿ. ಹಾಗೇ ಹೇಳುತ್ತಾ ಹೋದರೆ ಇಂಡಿಯಾ ತಂಡಕ್ಕೂ ಇಲ್ಲಿ ಆಡಿ ಬೆಳೆದವರೆಲ್ಲ ಬರಬಹುದಾ?

ಕರಿಕೋಟು (ಸಾಗರ)

ಇಲ್ಲ. ಕ್ಲಬ್ ಬೇರೆ, ದೇಶ ಬೇರೆ. ದೇಶದ ತಂಡಕ್ಕೆ ಪಾಸ್‌ಪೋರ್ಟೇ ಬೇಕು. ಭಾರತದಲ್ಲಿ ಎರಡು ಪೌರತ್ವ ಇಲ್ಲ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವುದು) ಇದ್ದವರೂ ಆಡುವ ಹಾಗಿಲ್ಲ. ಜಪಾನಿನ ಅರಾಟಾ ಇಝುಮಿ ಅಲ್ಲಿಯ ಪೌರತ್ವ ಬಿಟ್ಟು 2013ರಲ್ಲಿ ಭಾರತಕ್ಕೆ ಆಡಿದರು. ನಿಮ್ಮ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಕೂಡ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ತೆಗೆದುಕೊಂಡರು.

ಎರಡೂ ಬೇರೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟದ ಮನೆ ಒಂದಿದೆ. ಸ್ಪೇನಿನ ಅಥ್ಲೆಟಿಕ್ ಬಿಲ್ಬಾವೊ ಕ್ಲಬ್ ತನ್ನ ಸುತ್ತಿನ ಬಾಸ್ಕ್ ನಾಡಿನಲ್ಲಿ ಹುಟ್ಟಿದ ಅಥವಾ ಅಲ್ಲಿ ಆಟ ಕಲಿತವರನ್ನು ಮಾತ್ರ ಆಡಿಸುತ್ತದೆ. ಯಾವ ಲೀಗೂ ಹೇರಿದ್ದಲ್ಲ, ತಾವೇ ಪಾಲಿಸಿಕೊಂಡು ಬಂದ ಪದ್ಧತಿ. ಅಲ್ಲಿ ಇನ್ಯಾಕಿ ಮತ್ತು ನಿಕೊ ವಿಲಿಯಮ್ಸ್ ಅಂತ ಅಣ್ಣ ತಮ್ಮ. ಅಪ್ಪ ಅಮ್ಮ ಘಾನಾದಿಂದ ವಲಸೆ ಬಂದವರು. ಮಕ್ಕಳು ಹುಟ್ಟಿ ಬೆಳೆದದ್ದು ಆ ಕಡೆಯೇ. 2022ರ ವಿಶ್ವಕಪ್‌ನಲ್ಲಿ ಅಣ್ಣ ಘಾನಾಕ್ಕೆ ಆಡಿದ, ತಮ್ಮ ಸ್ಪೇನಿಗೆ. ವಾಪಸ್ ಬಂದು ಇಬ್ಬರೂ ಒಂದೇ ಬಿಲ್ಬಾವೊ ಜೆರ್ಸಿ ಹಾಕಿಕೊಂಡರು.

ಪಿಟಿಮೇಷ್ಟ್ರು (ಹೊಸನಗರ)

ಮಾತು ಎಲ್ಲೆಲ್ಲಿಗೋ ಹೋಗುವ ಮುಂಚೆ ಕಷ್ಟದ ಜಾಗಕ್ಕೆ ಬರುತ್ತೇನೆ. ಮೂರು ವರ್ಷ ಇಲ್ಲೇ ಕಲಿತ ಅನ್ನುವುದಕ್ಕೆ ಪುರಾವೆ ಏನು? ಯುರೋಪಿನಲ್ಲಿ ಪ್ರತಿ ಹುಡುಗನ ನೋಂದಣಿ ಇರುತ್ತದೆ. ಯಾವ ವರ್ಷ ಯಾವ ಕ್ಲಬ್ ಅಂತ ತೆಗೆದು ನೋಡಿದರಾಯಿತು. ನಮ್ಮಲ್ಲಿ ಸಂಜೆ ಮೈದಾನಕ್ಕೆ ಬಂದವರು ಬಂದರು, ಹೋದವರು ಹೋದರು. ನಾನೇ ಇಷ್ಟು ವರ್ಷ ಕಲಿಸಿದ್ದೇನೆ, ಒಂದು ಹಾಳೆ ಬರೆದಿಟ್ಟಿಲ್ಲ. ನನ್ನದೇ ತಪ್ಪು.

ಅದರಿಂದ ದುಡ್ಡೂ ಹೋಗುತ್ತದೆ, ಗೊತ್ತಾ? ಆಟಗಾರ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ದುಡ್ಡಿಗೆ ಹೋದರೆ, ಆ ಮೊತ್ತದ ಶೇ. 5ರಷ್ಟನ್ನು ಅವನನ್ನು 12ರಿಂದ 23 ವರ್ಷದವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕು ಅಂತ ಫಿಫಾ ನಿಯಮ ಇದೆ. 12ರಿಂದ 15ರವರೆಗೆ ವರ್ಷಕ್ಕೆ ಮೊತ್ತದ ಶೇ. 0.25, ಆಮೇಲೆ ವರ್ಷಕ್ಕೆ ಶೇ. 0.5. ಲೆಕ್ಕ ಹಾಕಿ. ನಮ್ಮ ಹುಡುಗ ಒಬ್ಬ ಮುಂದೆ 1 ಕೋಟಿಗೆ ಹೊರದೇಶಕ್ಕೆ ಹೋದ ಅಂದುಕೊಳ್ಳಿ. 12ರಿಂದ 15ರವರೆಗೆ ನಾಲ್ಕು ವರ್ಷ ಇಲ್ಲಿ ನೋಂದಣಿ ಆಗಿದ್ದರೆ ಇಲ್ಲಿಯ ಕ್ಲಬ್ಬಿಗೆ 1 ಲಕ್ಷ ಬರಬೇಕು. ಚೆಂಡು, ಬಲೆ, ಮೂರು ವರ್ಷದ ಸುಣ್ಣದ ಪುಡಿ, ಎಲ್ಲ ಆಗುತ್ತದೆ. ಹೆಸರು ಯಾವ ಪುಸ್ತಕದಲ್ಲೂ ಇಲ್ಲದಿದ್ದರೆ ಒಂದು ಪೈಸೆ ಇಲ್ಲ.

ಗೋಪಿಸರ್ಕಲ್ (ಶಿವಮೊಗ್ಗ)

1 ಕೋಟಿ ಅಂದ ತಕ್ಷಣ ನಮ್ಮನೆ ಹುಡುಗನನ್ನು ಎಬ್ಬಿಸಿ ಮೈದಾನಕ್ಕೆ ಕಳಿಸಿದೆ.

ಕುಶಾವತಿ (ತೀರ್ಥಹಳ್ಳಿ)

ಪುರಾವೆಗೆ ಹೀಗೆ ಮಾಡಿದರೆ ಹೇಗೆ ಮೇಷ್ಟ್ರೆ? ಶಾಲೆಯ ದಾಖಲಾತಿ, ಟಿಸಿ, ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಸಂಖ್ಯೆ). ಇಷ್ಟರಿಂದ ಹುಡುಗ ಯಾವ ವರ್ಷ ಎಲ್ಲಿ ಓದುತ್ತಿದ್ದ ಅಂತ ಗೊತ್ತಾಗುತ್ತದೆ.

ಪಿಟಿಮೇಷ್ಟ್ರು (ಹೊಸನಗರ)

ಓದಿದ್ದು ಗೊತ್ತಾಗುತ್ತದೆ, ಆಡಿದ್ದು ಗೊತ್ತಾಗುವುದಿಲ್ಲ. ಆದರೂ ಸದ್ಯಕ್ಕೆ ಅದೇ ದೊಡ್ಡ ಆಧಾರ. ಜೊತೆಗೆ ಅವನ ಜೊತೆ ಆಡಿದ ಇಬ್ಬರು ಬೇರೆ ತಂಡದವರ ಸಹಿ. ಸ್ವಂತ ತಂಡದವರದ್ದಲ್ಲ, ಎದುರು ತಂಡದವರದ್ದು. ಎದುರಾಳಿ ಸುಮ್ನೆ ಸಹಿ ಹಾಕುವುದಿಲ್ಲ. ಇನ್ನು ಮುಂದಕ್ಕೆ ಪ್ರತಿ ಮೈದಾನಕ್ಕೂ ಒಂದು ಹಾಜರಿ ಪುಸ್ತಕ.

ಚಾಲಿಅಡಿಕೆ (ಸಾಗರ)

ಒಂದೇ ರಾತ್ರಿ ಕೂತು ಮೂರು ವರ್ಷದ ಹಾಜರಿ ತುಂಬಿಸುತ್ತಾರೆ. ಒಂದೇ ಪೆನ್ನು, ಒಂದೇ ಅಕ್ಷರ, ಜುಲೈ ತಿಂಗಳ ಪುಟದಲ್ಲೂ ಒಂದು ಹನಿ ನೀರಿನ ಕಲೆ ಇಲ್ಲ!

ಪಿಟಿಮೇಷ್ಟ್ರು (ಹೊಸನಗರ)

ಅದೇ ಪರೀಕ್ಷೆ ಮಾರಾಯ್ರೆ. ಆಗುಂಬೆ ಕಡೆಯ ಮೈದಾನದ ಜುಲೈ ಹಾಜರಿ ಒಣಗಿದ್ದರೆ ಅದು ಸುಳ್ಳು ಪುಸ್ತಕ.

ಹಳೇಗೋಲ್‌ಕೀಪರ್ (ಭದ್ರಾವತಿ)

ಗಡಿಯ ವಿಷಯ ಒಂದು ಉಳಿಯಿತು. ಕೊಪ್ಪದಿಂದ ಎಷ್ಟೋ ಹುಡುಗರು ತೀರ್ಥಹಳ್ಳಿಗೆ ಕಾಲೇಜಿಗೆ ಬರುತ್ತಾರೆ. ಜಿಲ್ಲೆಯೇ ಬೇರೆ, ಚಿಕ್ಕಮಗಳೂರು. ಅವರನ್ನು ಹೊರಗೆ ಹಾಕುತ್ತೀರೋ?

ಕುಶಾವತಿ (ತೀರ್ಥಹಳ್ಳಿ)

ಇಲ್ಲ ಅಜ್ಜಾರೆ. ನಮ್ಮ ಮೈದಾನದಲ್ಲಿ ಆಡಿದ್ದರೆ ನಮ್ಮವರೇ. ಮನೆ ತುಂಗೆಯ ಯಾವ ದಡದಲ್ಲಿದೆ ಅಂತ ಕೇಳುವುದಿಲ್ಲ.

ಇಷ್ಟೆಲ್ಲ ಕೇಳಿ ಬರೆದದ್ದು ಇದು. ತಪ್ಪಿದ್ದರೆ ಹೇಳಿ:

‘12ರಿಂದ 18 ವರ್ಷದ ನಡುವೆ ಒಟ್ಟು ಮೂರು ವರ್ಷ ತಾಲ್ಲೂಕಿನ ಯಾವುದೇ ಶಾಲೆ, ಕಾಲೇಜು ಅಥವಾ ಊರ ಮೈದಾನದಲ್ಲಿ ಆಡಿ ಕಲಿತವರು ಸ್ಥಳೀಯ ಆಟಗಾರರು. ಹುಟ್ಟಿದ ಊರು, ಮನೆಮಾತು, ಈಗಿನ ವಿಳಾಸ ಲೆಕ್ಕಕ್ಕಿಲ್ಲ. ಮೈದಾನದಲ್ಲಿ ಯಾವ ಹೊತ್ತಿಗೂ ಏಳರಲ್ಲಿ ಐದು ಜನ ಸ್ಥಳೀಯರು ಇರಬೇಕು. ಸ್ಥಳೀಯ ಆಟಗಾರನಿಗೆ ಪೆಟ್ಟಾಗಿ ಬದಲಿ ಸ್ಥಳೀಯ ಇಲ್ಲದಿದ್ದರೆ ಆರೇ ಜನ ಆಡಬೇಕು. ಶಾಲೆಯ ದಾಖಲೆ ಮತ್ತು ಎದುರು ತಂಡದ ಇಬ್ಬರ ಸಹಿ ತರಬೇಕು. ಹುಡುಗಿಯರಿಗೆ ಈ ವರ್ಷ ಆರು ತಿಂಗಳು ಸಾಕು.’

ಕರಿಕೋಟು (ಸಾಗರ)

‘ಒಟ್ಟು ಮೂರು ವರ್ಷ’ ಅಂದದ್ದು ಒಳ್ಳೆಯದು. ಅಡಿಕೆ ಸುಲಿಯುವ ಕಾಲಕ್ಕೆ ಎರಡು ತಿಂಗಳು ಮೈದಾನ ಬಿಟ್ಟವನಿಗೆ ಅನ್ಯಾಯ ಆಗುವುದಿಲ್ಲ. ಆಧಾರ್ ಒಂದನ್ನು ವಯಸ್ಸು ನೋಡಲು ಮಾತ್ರ ಇಟ್ಟುಕೊಳ್ಳಿ.

ಮಲ್ಲೇಶ್ವರದಮಲೆನಾಡಿಗ (ಬೆಂಗಳೂರು)

ನಾನು ಬಸ್ ಟಿಕೆಟ್ ಬುಕ್ ಮಾಡುತ್ತಿದ್ದೇನೆ. ಚಿಕ್ಕಪ್ಪನ ಮಗನಿಗೆ ಇನ್ನೂ ಹೇಳಿಲ್ಲ. ಈ ಸಲ ಚಪ್ಪಲಿ ಕಾಯುವ ಕೆಲಸ ಅವನದ್ದು.

ಮೇಗರವಳ್ಳಿ (ತೀರ್ಥಹಳ್ಳಿ ತಾಲ್ಲೂಕು)

ಆ ಅಸ್ಸಾಮಿನ ಹುಡುಗನಿಗೆ ಯಾರಾದರೂ ಹೇಳಿದಿರಾ?

ಕುಶಾವತಿ (ತೀರ್ಥಹಳ್ಳಿ)

ಇವತ್ತು ಸಂಜೆ ತೋಟದ ಹತ್ತಿರ ಹೋಗಿದ್ದೆ. ಔಷಧಿ ಹೊಡೆಯುವವರ ಜೊತೆ ಪೈಪ್ ಎಳೆಯುತ್ತಿದ್ದ. ಕಳೆದ ವರ್ಷದಿಂದ ಮೈದಾನದ ಕಡೆ ಬಂದಿಲ್ಲವಂತೆ. ಹಾಳೆ ತೋರಿಸಿದೆ. ಎರಡು ಸಲ ಓದಿದ. ‘ಟಿಸಿ ಕಳೆದುಹೋಗಿದೆ ಅಣ್ಣ’ ಅಂದ. ಮೇಷ್ಟ್ರೆ, ಹಳೇ ದಾಖಲಾತಿ ಪುಸ್ತಕದಿಂದ ನಕಲು ಸಿಗುತ್ತದಾ?

ಪಿಟಿಮೇಷ್ಟ್ರು (ಹೊಸನಗರ)

ಸಿಗುತ್ತದೆ. ಅವನು ಓದಿದ ಶಾಲೆಯ ಹೆಡ್‌ಮಾಸ್ಟರಿಗೆ ಈಗಲೇ ಫೋನ್ ಮಾಡಿದೆ. ನಾಳೆ ಹತ್ತು ಗಂಟೆಗೆ ಹುಡುಗನನ್ನೇ ಕರೆದುಕೊಂಡು ಹೋಗಿ, ಅರ್ಜಿಗೆ ಅವನ ಸಹಿ ಬೇಕು. ಎದುರು ತಂಡದ ಒಂದು ಸಹಿ ನನ್ನ ಹಳೇ ಶಿಷ್ಯನದ್ದು ಸಿಗುತ್ತದೆ, ಇವನ ಕೈಲಿ ಎರಡು ಗೋಲ್ ತಿಂದವನು. ಹೋಗುವಾಗ ಛತ್ರಿ ತಗೊಳ್ಳಿ. ಆ ಆಫೀಸಿನ ಮಾಡು ಸೋರುತ್ತದೆ, ಸರಿಯಾಗಿ ದಾಖಲಾತಿ ಬೀರುವಿನ ಮೇಲೆ.